ಮನೆ ಮುಂದೊಂದು ಕಟ್ಟೆ ಇರಲಿ
(ಬಳ್ಳಾರಿಯ ಬಡಾವಣೆಯೊಂದರ ಯುಗಾದಿ ಕೂಟದಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಫ್ಯಾನ್ ಸದ್ದು ಜಾಸ್ತಿ ಇದೆ, ಆದರೆ ಆರಿಸಿ ಅನ್ನುವ ಧೈರ್ಯ ನನಗಿಲ್ಲ. ಯುಗಾದಿ ಹೊತ್ತಿಗೆ ಬಳ್ಳಾರಿಯಲ್ಲಿ ಫ್ಯಾನ್ ಆರಿಸಿ ಭಾಷಣ ಮಾಡಿದವನನ್ನು ಯಾರೂ ಕ್ಷಮಿಸಲ್ಲ.

ಆಮಂತ್ರಣದಲ್ಲಿ ನನ್ನ ವಿಷಯ ‘ಬಿಡುವಿನ ವೇಳೆಯ ಸದುಪಯೋಗ’ ಅಂತ ಅಚ್ಚಾಗಿದೆ. ನನ್ನ ತಕರಾರು ಅಲ್ಲಿಂದಲೇ ಶುರು. ಯೋಗ ಮಾಡಿ, ಓದಿ, ಗಿಡ ನೆಡಿ ಅಂತೀವಿ. ಎಲ್ಲ ಒಳ್ಳೆಯದೇ. ಆದರೆ ಅದಕ್ಕೂ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ ಮೇಲೆ ಅದು ಇನ್ನೊಂದು ಡ್ಯೂಟಿ ಆಯ್ತಲ್ವಾ? ನಾನು ಸುಮ್ನೆ ಕೂರೋದರ ಬಗ್ಗೆ ಮಾತಾಡ್ತೀನಿ. ಸುಮ್ನೆ ಕೂರೋದಕ್ಕೂ ಒಂದು ಜಾಗ ಬೇಕು. ಆ ಜಾಗವೇ ಕಟ್ಟೆ.

ನಗಬೇಡಿ. ಇದು ತಪ್ಪೊಪ್ಪಿಗೆ. ಮೂವತ್ತು ವರ್ಷ ಈ ಊರಿನ ಮನೆಗಳಿಗೆ ಪ್ಲಾನ್ ಹಾಕಿಕೊಟ್ಟವನು ನಾನು. ಇಲ್ಲಿ ಕೂತವರಲ್ಲಿ ಏಳೆಂಟು ಜನರ ಮನೆ ನನ್ನ ಕೈಯಿಂದಲೇ ಆಗಿದೆ. ಮೂವತ್ತು ನಲವತ್ತರ ಸೈಟು. ಕಾರಿಗೆ ಜಾಗ ಬೇಕು, ಬೈಕಿಗೆ ಬೇಕು, ನೀರಿನ ಸಂಪ್‌ಗೆ ಬೇಕು, ಶೂ ಸ್ಟ್ಯಾಂಡಿಗೂ ಬೇಕು. ಮನುಷ್ಯ ಹೊರಗೆ ಕೂರೋಕೆ ಮಾತ್ರ ಒಂದು ಗೆರೆಯನ್ನೂ ಎಳೆಯಲಿಲ್ಲ. ಆರಡಿ ಕಾಂಪೌಂಡ್ ಎಬ್ಬಿಸಿ, ಗೇಟ್ ಹಾಕಿ, ‘ನಾಯಿ ಇದೆ’ ಅಂತ ಬೋರ್ಡ್ ತೂಗಿಸಿದೆವು. ನಾಯಿ ಇಲ್ಲದ ಮನೆಯಲ್ಲೂ ಆ ಬೋರ್ಡ್ ಇದೆ, ನನಗೆ ಗೊತ್ತು.

ಕಟ್ಟೆ ಇಲ್ಲದಿದ್ದರೆ ಏನು ಹೋಗುತ್ತೆ ಅನ್ನೋದಕ್ಕೆ ನನ್ನದೇ ಕಥೆ ಹೇಳ್ತೀನಿ. ಹೊಸ ಮನೆಗೆ ಬಂದ ಮೊದಲ ಬೇಸಿಗೆ. ಮೂರು ತಿಂಗಳು ದುಡ್ಡು ಕೂಡಿಸಿ ಕೂಲರ್ ತಂದೆ. ದೊಡ್ಡದು, ಸ್ಟೂಲ್ ಮೇಲೆ ಇಟ್ಟರೆ ಮದುವೆ ಗಂಡಿನ ಹಾಗೆ ಕಾಣ್ತಿತ್ತು. ನೀರು ತುಂಬಿದೆ, ತಂಪು ಹೊರಗೆ ಹೋಗಬಾರದು ಅಂತ ಕಿಟಕಿ ಬಾಗಿಲು ಎಲ್ಲ ಮುಚ್ಚಿದೆ. ಬಾಗಿಲ ಸಂದಿಗೆ ಹಳೇ ಪಂಚೆ ಬೇರೆ ತುರುಕಿದೆ. ಮೊದಲ ಹತ್ತು ನಿಮಿಷ ಊಟಿ. ಅರ್ಧ ಗಂಟೆಗೆ ಮೈಯೆಲ್ಲ ಅಂಟಂಟು. ರಾತ್ರಿ ಹನ್ನೆರಡಕ್ಕೆ ಹಾಸಿಗೆ ಒದ್ದೆ, ಉಪ್ಪಿನ ಡಬ್ಬಿ ಒದ್ದೆ, ಮಗನ ನೋಟ್‌ಬುಕ್ ಹಾಳೆ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗೆ. ನಮ್ಮ ಮನೆಯವರು, ‘ಇದಕ್ಕಿಂತ ಬಿಸಿಲೇ ವಾಸಿ’ ಅಂತ ದಿಂಬು ಎತ್ತಿಕೊಂಡು ಮಾಳಿಗೆಗೆ ಹೋದರು. ಅಂಗಡಿಗೆ ಹೋಗಿ ಜಗಳ ಆಡಿದೆ. ಮೆಕ್ಯಾನಿಕ್ ಬಂದು, ಮೋಟರ್ ಬದಲಿಸಿ, ದುಡ್ಡು ತಗೊಂಡು ಹೋದ. ಅಂಟು ಮಾತ್ರ ಹೋಗಲಿಲ್ಲ. ಅದೇ ವಾರ ಹಳೇ ಓಣಿಗೆ ಹೋಗಿದ್ದೆ. ಕಟ್ಟೆ ಮೇಲೆ ಒಬ್ಬ ತಾತ ಕೂತಿದ್ದ, ಮೊಣಕಾಲು ಒತ್ತಿಕೊಳ್ತಾ. ಸುಮ್ನೆ ಮಾತಿಗೆ ಅಂತ ನನ್ನ ಗೋಳು ಹೇಳಿದೆ. ತಾತ ಕೇಳಿದ್ದು ಒಂದೇ ಮಾತು: ‘ಕಿಟಕಿ ತೆರೆದೀಯೇನಪ್ಪಾ?’

ಅಷ್ಟೇ. ಕೂಲರ್ ಹೊರಗಿನ ಒಣ ಗಾಳಿಯನ್ನು ಒದ್ದೆ ಪ್ಯಾಡಿನ ಮೂಲಕ ಎಳೆದು ತಣ್ಣಗೆ ಮಾಡುತ್ತೆ. ನೀರು ಆವಿಯಾಗಿ ಆರುವಾಗ ಬಿಸಿಯನ್ನು ಹೀರಿಕೊಳ್ಳುತ್ತೆ. ಆ ತೇವದ ಗಾಳಿ ಇನ್ನೊಂದು ಕಡೆಯಿಂದ ಹೊರಗೆ ಹೋಗಲೇಬೇಕು. ಹಾಗಾಗಿ ಕೂಲರಿನ ಬೆನ್ನು ಕಿಟಕಿಗೆ ಇರಲಿ, ಎದುರಿನ ಕಿಟಕಿ ತೆರೆದಿರಲಿ. ಮಳೆಗಾಲದಲ್ಲಿ ಅದು ಯಾಕೆ ಕೆಲಸ ಮಾಡಲ್ಲ ಅಂತಲೂ ಇಲ್ಲೇ ಗೊತ್ತಾಗುತ್ತೆ, ಗಾಳಿಯಲ್ಲೇ ತೇವ ಇದ್ದಾಗ ನೀರು ಆರುವುದೆಲ್ಲಿಂದ? ಮೋಟರ್ ಬದಲಿಸಿದವನಿಗೆ ಕೊಟ್ಟ ದುಡ್ಡಿನ ಮುಂದೆ ತಾತನ ಫೀಸು ಒಂದು ಬೀಡಿ. ನನ್ನ ಮನೆ ಮುಂದೆ ಕಟ್ಟೆ ಇದ್ದು, ಅಂಥ ತಾತ ಒಬ್ಬ ಕೂತಿದ್ದರೆ ಆ ಮೋಟರ್ ದುಡ್ಡು ಉಳೀತಿತ್ತು. ಇದನ್ನು ನಮ್ಮ ಮನೆಯವರ ಮುಂದೆ ಹೇಳಿದರೆ, ‘ಪ್ಲಾನ್ ಹಾಕಿದವರು ಯಾರು?’ ಅಂತಾರೆ.

ಗಡಿಗೆ ಲೆಕ್ಕವೂ ಇದೇ. ಮಣ್ಣಿನ ಸಣ್ಣ ಸಣ್ಣ ರಂಧ್ರದಿಂದ ನೀರು ಜಿನುಗಿ ಆರಬೇಕು. ಈಗ ಹೂವು, ನವಿಲು ಬಿಡಿಸಿ ಬಣ್ಣ ಬಳಿದ ಗಡಿಗೆ ಮಾರ್ತಾರೆ. ನೋಡೋಕೆ ಚೆಂದ. ಆದರೆ ಮೈತುಂಬ ಎಣ್ಣೆ ಬಣ್ಣ ಬಳಿದರೆ ರಂಧ್ರ ಮುಚ್ಚಿತು, ನೀರು ತಣ್ಣಗಾಗಲ್ಲ. ಬರೀ ಕೆಂಪು ಗಡಿಗೆ ತಗೊಳ್ಳಿ, ಒದ್ದೆ ಮರಳಿನ ಮೇಲೆ ಗಾಳಿ ಆಡುವ ಕಡೆ ಇಡಿ. ಅಡುಗೆಮನೆ ಮೂಲೆಯಲ್ಲಿ ಇಟ್ಟು ಗಡಿಗೆಯನ್ನು ಬೈಯಬೇಡಿ. ಬೋರ್ ನೀರಿನ ಉಪ್ಪು ಕೂತು ರಂಧ್ರ ಕಟ್ಟಿಕೊಳ್ಳುತ್ತೆ, ಅದಕ್ಕೇ ಹಿರಿಯರು ವರ್ಷಕ್ಕೊಂದು ಗಡಿಗೆ ತರ್ತಿದ್ದರು. ಅದನ್ನು ಎಲ್ಲಿ ಇಡ್ತಿದ್ದರು? ಕಟ್ಟೆಯ ಒಂದು ತುದಿಯಲ್ಲಿ. ದಾರಿಹೋಕರೂ ಕುಡೀತಿದ್ದರು.

ಬಿಡುವು ಅಂದರೆ ಆಲಸ್ಯ ಅನ್ನುವವರು ಒಂದು ಬೆಳಿಗ್ಗೆ ಸಂಗನಕಲ್ಲಿನ ಗುಡ್ಡಕ್ಕೆ ಹೋಗಿ ಬನ್ನಿ. ಊರಿಂದ ಏಳೆಂಟು ಕಿಲೋಮೀಟರ್, ಅಷ್ಟೇ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ಜನ ದನ ಸಾಕಿದ್ದರು, ಕಲ್ಲಿನ ಕೊಡಲಿ ಮಾಡ್ತಿದ್ದರು. ಅಲ್ಲಿನ ಕರಿ ಬಂಡೆಗಳ ಮೇಲೆ ಗೂಳಿಗಳ ಚಿತ್ರ ಕುಟ್ಟಿದ್ದಾರೆ. ಕೆಲವು ಬಂಡೆ ಬಡಿದರೆ ಗಂಟೆಯ ಹಾಗೆ ನಾದ ಬರುತ್ತೆ. 1892ರಲ್ಲೇ ಫಾಸೆಟ್ ಅನ್ನುವ ಬ್ರಿಟಿಷ್ ಅಧಿಕಾರಿ ಆ ಗುಡ್ಡದ ಬಗ್ಗೆ ಬರೆದಿದ್ದರು. ಬಡಿದು ಬಡಿದು ಬಂಡೆಯಲ್ಲಿ ಗುಳಿ ಬಿದ್ದಿವೆ. ಕೊಡಲಿ ಮಸೆಯೋದು, ದನ ಕಾಯೋದು ಬಿಟ್ಟು ಯಾರೋ ಅಲ್ಲಿ ಕೂತು ಕಲ್ಲು ಬಾರಿಸಿದ್ದಾರಲ್ಲ, ಅವರಿಗೆ ಯಾರೂ ಸದುಪಯೋಗ ಅಂತ ಹೇಳಿರಲಿಲ್ಲ. ನೀವು ಹೋದಾಗ ಬಡಿಯಬೇಡಿ, ಉಳಿದಿರೋದು ಉಳೀಲಿ. ಎಂಟು ಗಂಟೆಯೊಳಗೆ ಇಳಿದುಬಿಡಿ, ಆಮೇಲೆ ಬಂಡೆ ಕಾದ ಕಾವಲಿ.

ಈಗ ಕಟ್ಟೆಯ ಅಳತೆ. ಬರ್ಕೊಳ್ಳಿ, ಇದಕ್ಕೆ ಫೀಸಿಲ್ಲ. ಎತ್ತರ ಒಂದೂವರೆ ಅಡಿ. ಅದಕ್ಕಿಂತ ಎತ್ತರಿಸಿದರೆ ಅಜ್ಜಿಯರ ಕಾಲು ನೇತಾಡುತ್ತೆ, ತಗ್ಗಿಸಿದರೆ ಮೇಲೇಳುವಾಗ ಕೈ ಹಿಡೀಬೇಕು. ಅಗಲ ಎರಡಡಿ, ಚಕ್ಕಳಮಕ್ಕಳ ಹಾಕೋಕೆ. ಉದ್ದ ಆರಡಿ ಇದ್ದರೆ ಕರೆಂಟ್ ಹೋದಾಗ ಮಲಗಬಹುದು. ಮೇಲೆ ಶಹಾಬಾದಿ ಫರಸಿ ಕಲ್ಲು ಹಾಕಿ. ಕಡಪ ಕಲ್ಲು ಕಪ್ಪು, ಬಿಸಿಲು ಕುಡಿದುಬಿಡುತ್ತೆ. ಅಂಚು ದುಂಡಗೆ ಮಾಡಿಸಿ, ಇಲ್ಲದಿದ್ದರೆ ತೊಡೆ ಕೊಯ್ಯುತ್ತೆ. ಮಳೆ ನೀರು ಹರಿಯೋಕೆ ಹೊರಗಡೆಗೆ ಚೂರು ಇಳಿಜಾರು ಇರಲಿ. ಮನೆ ಪೂರ್ವಕ್ಕೆ ಮುಖ ಮಾಡಿದ್ದರೆ ನಿಮ್ಮ ಅದೃಷ್ಟ, ಸಂಜೆ ಮನೆಯೇ ನೆರಳು ಕೊಡುತ್ತೆ. ಪಶ್ಚಿಮದವರು ಒಂದು ಹೊಂಗೆ ನೆಡಿ. ಒಂದು ಮಾತು, ಕಟ್ಟೆ ನಿಮ್ಮ ಸೈಟಿನೊಳಗೇ ಇರಲಿ. ಚರಂಡಿ ಮೇಲೆ ಕಟ್ಟಿ, ನಾಳೆ ಜೆಸಿಬಿ ಬಂದಾಗ ನನ್ನ ಹೆಸರು ಹೇಳಬೇಡಿ.

ಅಲ್ಲಿ ಹೆಣ್ಣುಮಕ್ಕಳು ನಗ್ತಾ ಇದ್ದಾರೆ. ಗೊತ್ತು, ‘ಬಿಡುವು ನಿಮಗೆ, ನಮಗೆಲ್ಲಿ?’ ಅಂತ. ಖರೆ. ಹಳೇ ಓಣಿಯ ಕಟ್ಟೆಯಲ್ಲಿ ನಾನು ನೋಡಿದ ಅಕ್ಕಂದಿರು ಯಾರೂ ಸುಮ್ನೆ ಕೂತಿರಲಿಲ್ಲ. ಒಬ್ಬರು ಮೆಂತ್ಯ ಸೊಪ್ಪು ಬಿಡಿಸ್ತಿದ್ದರು, ಒಬ್ಬರು ಕೂಲಿಗೆ ತಂದ ಜೀನ್ಸ್ ಪ್ಯಾಂಟುಗಳ ಉಳಿದ ದಾರ ಕತ್ತರಿಸ್ತಿದ್ದರು. ಮಡಿಲ ತುಂಬ ನೀಲಿ ದಾರದ ಚೂರು, ಬೆರಳ ತುದಿಯೂ ನೀಲಿ. ಆದರೆ ಆ ಪ್ಯಾಂಟಿನ ರಾಶಿ ಒಳಗೆ ಒಬ್ಬರೇ ಕೂತು ಮುಗಿಸೋದಕ್ಕೂ, ಹೊರಗೆ ನಾಲ್ಕು ಜನರ ಜೊತೆ ಮಾತಾಡ್ತಾ ಮುಗಿಸೋದಕ್ಕೂ ವ್ಯತ್ಯಾಸ ಇಲ್ವಾ? ಗಂಡಸರೂ ಸೊಪ್ಪು ಬಿಡಿಸಬಹುದು. ನಾನು ಕಲಿತಿದ್ದೀನಿ. ಕಡ್ಡಿ ಜಾಸ್ತಿ ಬರುತ್ತೆ ಅಂತ ದೂರು ಇದೆ, ಇರಲಿ.

ಚೀಟಿ ಬಂತು. ‘ಮಿರ್ಚಿ ಆರ್ತಾ ಇದೆ’ ಅಂತ ಬರೆದಿದ್ದಾರೆ. ನನ್ನ ಹಾಳೆಯಲ್ಲಿ ಇನ್ನೂ ಮೂರು ಅಂಶ ಇವೆ. ಮಧ್ಯಾಹ್ನದ ನಿದ್ದೆ: ಅರ್ಧ ಗಂಟೆ ಸಾಕು, ಐದಕ್ಕೆ ಎದ್ದರೆ ರಾತ್ರಿ ಗೋಡೆ ನೋಡ್ತೀರಿ. ವಾಕಿಂಗ್: ಬೆಳಿಗ್ಗೆನೇ ಮುಗಿಸಿ. ಮೊಬೈಲ್: ಬೇಡ ಬಿಡಿ, ಮೂರನೇ ಸಾಲಿನಲ್ಲಿ ಇಬ್ಬರು ಈಗಲೂ ನೋಡ್ತಾ ಇದ್ದಾರೆ.

ಈ ಹಾಲಿನ ಮುಂದೂ ಕಟ್ಟೆ ಇಲ್ಲ. ಅದರ ಪ್ಲಾನೂ ನನ್ನದೇ, ಏನ್ ಮಾಡೋದು. ಆದರೆ ನಾಲ್ಕು ಮೆಟ್ಟಿಲಿವೆ, ಈ ಹೊತ್ತಿಗೆ ನೆರಳು ಬಂದಿರುತ್ತೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಟ್ಟೆ ತಗೊಂಡು ಎಲ್ಲರೂ ಅಲ್ಲಿಗೇ ಬನ್ನಿ. ಹೊಸ ಮನೆ ಕಟ್ಟಿಸ್ತಾ ಇರೋರು ಪ್ಲಾನ್ ತಂದಿದ್ದರೆ ತೋರಿಸಿ, ಪೆನ್ಸಿಲ್ ನನ್ನ ಜೇಬಲ್ಲಿದೆ.