ಮಾಲ್ಡನ್ನಿನ 325 ಸಾಲುಗಳು

ಕೇಳುಗರಿಗೆ ನಮಸ್ಕಾರ.

ಇಂಗ್ಲಿಷರ ಪೂರ್ವಜರಾದ ಆಂಗ್ಲೋ-ಸ್ಯಾಕ್ಸನ್ನರ ಇತಿಹಾಸವನ್ನೂ ವೀರಕಾವ್ಯವನ್ನೂ ಓದಲು ಹೊರಡುವವರು ಸಾಮಾನ್ಯವಾಗಿ ಬೇವುಲ್ಫ್ ಕಾವ್ಯದಿಂದ ತೊಡಗುತ್ತಾರೆ. 3182 ಸಾಲುಗಳ ಆ ಕಾವ್ಯದಲ್ಲಿ ರಕ್ಕಸರಿದ್ದಾರೆ, ನಿಧಿ ಕಾಯುವ ಘಟಸರ್ಪವಿದೆ. ಆದರೆ ಕಥೆ ನಡೆಯುವುದು ಇಂಗ್ಲೆಂಡಿನಲ್ಲಲ್ಲ, ಡೆನ್ಮಾರ್ಕ್ ಮತ್ತು ಸ್ವೀಡನ್ನಿನ ಕಡೆ. ನಾನಿಂದು ಎತ್ತಿಕೊಂಡಿರುವುದು ಅದಕ್ಕಿಂತ ತೀರ ಚಿಕ್ಕದಾದ, ಮೊದಲೂ ಕೊನೆಯೂ ಕಳೆದುಹೋಗಿ 325 ಸಾಲು ಮಾತ್ರ ಉಳಿದಿರುವ ‘ಮಾಲ್ಡನ್ ಕಾಳಗ’ ಎಂಬ ಹಳೆಯ ಇಂಗ್ಲಿಷ್ ಕವಿತೆಯನ್ನು. ಅದು ಹೇಳುವ ಕಾಳಗ ನಡೆದ ಊರು ಇಂದಿಗೂ ಇದೆ, ವರ್ಷ ಗೊತ್ತಿದೆ, ಮಡಿದ ನಾಯಕನ ಗೋರಿಯೂ ಇದೆ. ಚರಿತ್ರೆಯನ್ನೂ ಕವಿತೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದುವ ಅವಕಾಶ ಆ ಕಾಲದ ವೀರಕಾವ್ಯದಲ್ಲಿ ಅಪರೂಪ.

ವರ್ಷ 991, ಆಗಸ್ಟ್ ತಿಂಗಳು. ಇಂಗ್ಲೆಂಡಿನ ಪೂರ್ವ ಕರಾವಳಿಯ ಎಸೆಕ್ಸ್ ನಾಡಿಗೆ, ಉತ್ತರ ಯುರೋಪಿನಿಂದ ಕಡಲ ಮೇಲೆ ದಾಳಿಗೆ ಬರುತ್ತಿದ್ದ ವೈಕಿಂಗರ ಹಡಗುಗಳು ಬಂದವು. ದೊರೆ ಎಥೆಲ್ರೆಡ್, ಅವನ ಪರವಾಗಿ ಎಸೆಕ್ಸನ್ನು ನೋಡಿಕೊಳ್ಳುತ್ತಿದ್ದವನು ಬಿರ್ಟ್‌ನೊಥ್ ಎಂಬ ನರೆಗೂದಲಿನ ಹಿರಿಯ ನಾಯಕ. ಆಂಗ್ಲೋ-ಸ್ಯಾಕ್ಸನ್ ವೃತ್ತಾಂತ ಎಂಬ ವರ್ಷವಾರು ದಾಖಲೆ ಈ ಸಂಗತಿಯನ್ನು ಕೆಲವೇ ಮಾತುಗಳಲ್ಲಿ ಮುಗಿಸುತ್ತದೆ: ಇಪ್ಸ್‌ವಿಚ್ ಕೊಳ್ಳೆಹೋಯಿತು, ಎಸೆಕ್ಸಿನ ಮಾಲ್ಡನ್ನಿನಲ್ಲಿ ಬಿರ್ಟ್‌ನೊಥ್ ಹತನಾದ, ಅದೇ ವರ್ಷ ಮೊದಲ ಬಾರಿಗೆ ಡೇನರಿಗೆ, ಅಂದರೆ ಈ ವೈಕಿಂಗರಿಗೆ, ಕಪ್ಪ ಕೊಡಬೇಕೆಂದು ತೀರ್ಮಾನವಾಯಿತು, ಆ ಕಪ್ಪ 10,000 ಪೌಂಡ್. ಮುಂದೆ ಅದು ಏರುತ್ತಲೇ ಹೋಗಿ 1012ರಲ್ಲಿ 48,000 ಪೌಂಡಿಗೆ ಮುಟ್ಟಿತು. ಕಪ್ಪ ಎಂಬ ಮಾತನ್ನು ನೆನಪಿನಲ್ಲಿಡಿ, ಏಕೆಂದರೆ ಕವಿತೆಯ ಮೊದಲ ವಾಗ್ವಾದ ಹುಟ್ಟುವುದೇ ಅದರಿಂದ.

ವೈಕಿಂಗರು ಬೀಡುಬಿಟ್ಟದ್ದು ಬ್ಲ್ಯಾಕ್‌ವಾಟರ್ ನದಿಯ ಅಳಿವೆಯಲ್ಲಿರುವ ನಾರ್ತಿ ಎಂಬ ನಡುಗಡ್ಡೆಯಲ್ಲಿ ಎಂದು ಬಹುಪಾಲು ವಿದ್ವಾಂಸರು ನಂಬುತ್ತಾರೆ. ದಡಕ್ಕೂ ನಡುಗಡ್ಡೆಗೂ ನಡುವೆ ಇಕ್ಕಟ್ಟಾದ ಒಂದು ಕಾಲುದಾರಿ. ಕಡಲು ಉಬ್ಬಿದಾಗ ಮುಳುಗುತ್ತದೆ, ಇಳಿದಾಗ ಮೇಲೇಳುತ್ತದೆ. ವೈಕಿಂಗರ ದೂತ ನೀರಿನಾಚೆಯಿಂದಲೇ ಕೂಗಿ, ಚಿನ್ನದ ಕಡಗಗಳನ್ನು ಕೊಟ್ಟರೆ ಕಾಳಗವಿಲ್ಲದೆ ಹೊರಟುಹೋಗುತ್ತೇವೆ ಎನ್ನುತ್ತಾನೆ. ಬಿರ್ಟ್‌ನೊಥ್ ಗುರಾಣಿ ಎತ್ತಿಹಿಡಿದು, ನಾವು ಕಪ್ಪವಾಗಿ ಕೊಡುವುದು ಭರ್ಜಿಗಳನ್ನು, ನಂಜಿನ ಮೊನೆಗಳನ್ನು, ಹಳೆಯ ಕತ್ತಿಗಳನ್ನು ಎಂದು ಉತ್ತರಿಸುತ್ತಾನೆ. ಇಷ್ಟಾದರೂ ಕಾಳಗ ಆರಂಭವಾಗುವುದಿಲ್ಲ, ಏಕೆಂದರೆ ಉಬ್ಬರ ಬಂದು ನೀರಿನ ಹರಿವುಗಳು ಬೀಗ ಹಾಕಿದಂತೆ ಕೂಡಿಕೊಂಡವು ಎನ್ನುತ್ತಾನೆ ಕವಿ. ಎರಡು ದಂಡುಗಳು ಎದುರುಬದುರು ನಿಂತು ನೀರು ಇಳಿಯುವುದನ್ನು ಕಾಯುವ ಆ ಹೊತ್ತು ನನ್ನ ಮಟ್ಟಿಗೆ ಇಡೀ ಕವಿತೆಯ ಅತ್ಯಂತ ನಿಜವಾದ ಚಿತ್ರ.

ನೀರು ಇಳಿಯಿತು. ಕಾಲುದಾರಿಯ ಬಾಯಲ್ಲಿ ಮೂರೇ ಮಂದಿ ನಿಂತು ವೈಕಿಂಗರನ್ನು ತಡೆದರು. ದಾರಿ ದಕ್ಕದೆಂದು ಕಂಡ ವೈಕಿಂಗರು, ನಮ್ಮನ್ನು ನಿಮ್ಮ ದಡಕ್ಕೆ ದಾಟಗೊಡಿ ಎಂದು ಕೇಳಿಕೊಂಡರು. ಬಿರ್ಟ್‌ನೊಥ್ ಒಪ್ಪಿಬಿಟ್ಟ. ಅವನು ತನ್ನ ‘ಓವರ್‌ಮೋಡ್’ನಿಂದಾಗಿ ಶತ್ರುಗಳಿಗೆ ಮಿತಿಮೀರಿ ನೆಲ ಬಿಟ್ಟುಕೊಟ್ಟ ಎಂದು ಕವಿ ಇಲ್ಲಿ ಹೇಳುತ್ತಾನೆ. ಈ ಒಂದು ಪದದ ಮೇಲೆ ನಡೆದಷ್ಟು ಚರ್ಚೆ ಹಳೆಯ ಇಂಗ್ಲಿಷಿನ ಬೇರೆ ಪದಗಳ ಮೇಲೆ ನಡೆದದ್ದು ಕಡಿಮೆ. ‘ಮೋಡ್’ ಎಂದರೆ ಮನಸ್ಸು, ಎದೆ, ಕೆಚ್ಚು. ‘ಓವರ್’ ಎಂದರೆ ಮೀರಿದ್ದು. ಸೈತಾನನ ಗರ್ವವನ್ನು ಹೇಳುವಾಗಲೂ ಆ ಕಾಲದ ಕ್ರೈಸ್ತ ಕವಿತೆ ಬಳಸಿದ್ದು ಇದೇ ಪದವನ್ನು. ಹಾಗಾಗಿ ಇದು ನಾಯಕನ ಮೇಲಿನ ಕಟುವಾದ ಟೀಕೆ ಎಂದು 1953ರಲ್ಲಿ ಹಳೆಯ ಇಂಗ್ಲಿಷಿನ ವಿದ್ವಾಂಸ, ಕಾದಂಬರಿಕಾರ ಟೋಲ್ಕಿನ್ ವಾದಿಸಿದರು. ಇನ್ನು ಕೆಲವರು, ಅಂದು ದಾಟಗೊಡದಿದ್ದರೆ ವೈಕಿಂಗರು ಹಡಗು ಹತ್ತಿ ಇನ್ನೊಂದು ಊರನ್ನು ಸುಡುತ್ತಿದ್ದರು, ಅವರನ್ನು ಅಲ್ಲೇ ಕಟ್ಟಿಹಾಕುವುದಕ್ಕೆ ಬೇರೆ ದಾರಿ ಇರಲಿಲ್ಲ ಎನ್ನುತ್ತಾರೆ. ಕನ್ನಡಕ್ಕೆ ತರುವಾಗಲೂ ಇದೇ ತೊಡಕು: ಸೊಕ್ಕು ಎಂದರೆ ನಾವೇ ತೀರ್ಪು ಕೊಟ್ಟಂತಾಯಿತು, ಎದೆಗಾರಿಕೆ ಎಂದರೆ ಕವಿಯ ಮಾತಿನ ಮೊನೆಯನ್ನು ಮುರಿದಂತಾಯಿತು.

ಬಿರ್ಟ್‌ನೊಥ್ ಬಿದ್ದ. ಗೋಡ್ರಿಕ್ ಎಂಬವನು, ತನಗೆ ಎಷ್ಟೋ ಕುದುರೆಗಳನ್ನು ಉಡುಗೊರೆ ಕೊಟ್ಟಿದ್ದ ಒಡೆಯನ ಕುದುರೆಯನ್ನೇ ಏರಿ ಕಾಡಿಗೆ ಓಡಿದ. ಕುದುರೆಯನ್ನು ಕಂಡವರು ನಾಯಕನೇ ಓಡುತ್ತಿದ್ದಾನೆಂದು ತಿಳಿದರು. ಗುರಾಣಿಗೆ ಗುರಾಣಿ ಸೇರಿಸಿ ಕಟ್ಟಿದ್ದ ಗೋಡೆ ಒಡೆಯಿತು. ಕವಿತೆ ನಿಜವಾಗಿ ಆರಂಭವಾಗುವುದು ಇಲ್ಲಿಂದ ಎನ್ನಬೇಕು. ಉಳಿದವರು ಒಬ್ಬೊಬ್ಬರಾಗಿ ಮಾತನಾಡಿ, ಮುನ್ನುಗ್ಗಿ ಸಾಯುತ್ತಾರೆ. ಎಲ್ಫ್‌ವಿನ್ ಎಂಬ ತರುಣ, ಜೇನುಮದ್ಯ ಕುಡಿಯುತ್ತ ಬೆಂಚುಗಳ ಮೇಲೆ ಕೂತು ನಾವಾಡಿದ ಮಾತುಗಳನ್ನು ನೆನೆಯಿರಿ ಎನ್ನುತ್ತಾನೆ. ಒಡೆಯನ ಸಭಾಂಗಣದಲ್ಲಿ ಉಂಡದ್ದನ್ನು ರಣದಲ್ಲಿ ತೀರಿಸಬೇಕೆಂಬ ಈ ಕಟ್ಟುಪಾಡನ್ನು ವಿವರಿಸಲು ಇಂಗ್ಲಿಷ್ ವಿಮರ್ಶಕರು ಪುಟಗಟ್ಟಲೆ ಬರೆಯಬೇಕಾಗುತ್ತದೆ. ನಮಗೆ ಹಳಗನ್ನಡದ ‘ಜೋಳವಾಳಿ’ ಎಂಬ ಒಂದು ಪದ ಸಾಕು. ಡನ್ನಿಯರ್ ಎಂಬ ಸಾಮಾನ್ಯ ರೈತನಿಗೂ ಕವಿ ಇಲ್ಲಿ ಮಾತು ಕೊಡುತ್ತಾನೆ.

ಕೊನೆಗೆ ಮಾತನಾಡುವವನು ಬಿರ್ಟ್‌ವೋಲ್ಡ್ ಎಂಬ ಮುದುಕ. ಅವನ ಎರಡು ಸಾಲುಗಳ ಮೂಲದ ನಾದವನ್ನು ಒಮ್ಮೆ ಕೇಳಿಸಿಕೊಳ್ಳಿ: ‘ಹಿಯೆ ಶೆಅಲ್ ಥೆ ಹೆಅರ್ಡ್ರ, ಹೆಓರ್ಟೆ ಥೆ ಕೇನ್ರೆ, ಮೋಡ್ ಶೆಅಲ್ ಥೆ ಮಾರೆ, ಥೆ ಊರೆ ಮ್ಯಾಯೆನ್ ಲೂಟ್ಲಥ್.’ ಮೊದಲ ಸಾಲಿನಲ್ಲಿ ಹಿಯೆ, ಹೆಅರ್ಡ್ರ, ಹೆಓರ್ಟೆ ಎಂದು ಮೂರು ಹಕಾರ. ಎರಡನೆಯದರಲ್ಲಿ ಮೋಡ್, ಮಾರೆ, ಮ್ಯಾಯೆನ್ ಎಂದು ಮೂರು ಮಕಾರ. ನಮ್ಮ ಹಳೆಯ ಪದ್ಯಗಳಲ್ಲಿ ಪ್ರಾಸ ಬೀಳುವುದು ಪಾದದ ಎರಡನೆಯ ಅಕ್ಷರದ ಮೇಲೆ. ಇವರದು ಸಾಲಿನೊಳಗೆ ಒತ್ತಿ ನುಡಿಯುವ ಪದಗಳ ಮೊದಲ ಧ್ವನಿಯ ಮೇಲೆ. ಅರ್ಥ ಇಷ್ಟು: ನಮ್ಮ ಬಲ ಕುಗ್ಗಿದಷ್ಟೂ ಛಲ ಗಟ್ಟಿಯಾಗಬೇಕು, ಎದೆ ಹರಿತವಾಗಬೇಕು, ಮನಸ್ಸು ಹಿರಿದಾಗಬೇಕು. ಮನಸ್ಸು ಎನ್ನಲು ಮುದುಕ ಬಳಸುವುದು ‘ಮೋಡ್’ ಎಂಬ ಪದವನ್ನೇ. ಒಡೆಯನಲ್ಲಿ ಮಿತಿಮೀರಿ ಸೋಲು ತಂದದ್ದು ಯಾವುದೋ ಅದನ್ನೇ, ಸೋಲು ಖಚಿತವಾದ ಮೇಲೆ, ಇನ್ನೂ ಹೆಚ್ಚಿಸಿಕೊಳ್ಳಿ ಎಂದು ಅವನು ಕೇಳುತ್ತಿದ್ದಾನೆ. ಕವಿಗೆ ಇದು ತಿಳಿಯದೆ ಬಂದ ಪದವೆಂದು ನಾನು ನಂಬಲಾರೆ. ಅನುವಾದದಲ್ಲಿ ಓದಿದವರಿಗೆ ಇದು ಕಾಣಿಸುವುದೇ ಇಲ್ಲ.

ಬಿರ್ಟ್‌ನೊಥ್‌ನ ದೇಹವನ್ನು ಈಲಿ ಮಠದಲ್ಲಿ ಮಣ್ಣು ಮಾಡಿದರು. ತಲೆಯನ್ನು ಶತ್ರುಗಳು ಒಯ್ದಿದ್ದರಿಂದ ಮೇಣದ ಉಂಡೆಯೊಂದನ್ನು ಆ ಜಾಗದಲ್ಲಿ ಇಟ್ಟರೆಂದು ಹನ್ನೆರಡನೆಯ ಶತಮಾನದ ಮಠದ ಚರಿತ್ರೆ ಹೇಳುತ್ತದೆ. 1769ರಲ್ಲಿ ಆ ಮೂಳೆಗಳನ್ನು ತೆರೆದು ನೋಡಿದಾಗ ತಲೆಬುರುಡೆ ಇರಲಿಲ್ಲ. ಅವನ ಹೆಂಡತಿ ಎಲ್ಫ್‌ಫ್ಲ್ಯಾಡ್ ಗಂಡನ ಸಾಹಸಗಳನ್ನು ಚಿತ್ರಿಸಿದ್ದ ಒಂದು ತೂಗುಪರದೆಯನ್ನು ಮಠಕ್ಕೆ ಕೊಟ್ಟಳು. ಅದು ಉಳಿದಿಲ್ಲ.

ಕವಿತೆಯ ಗತಿಯೂ ಹೆಚ್ಚುಕಡಿಮೆ ಹಾಗೆಯೇ ಆಗಬೇಕಿತ್ತು. ಅದರ ಏಕೈಕ ಹಸ್ತಪ್ರತಿ, ರಾಬರ್ಟ್ ಕಾಟನ್ ಎಂಬವರು ಕೂಡಿಸಿದ್ದ ಕಾಟನ್ ಗ್ರಂಥಸಂಗ್ರಹದಲ್ಲಿತ್ತು. 1731ರ ಅಕ್ಟೋಬರಿನಲ್ಲಿ, ಆ ಸಂಗ್ರಹವನ್ನು ಇರಿಸಿದ್ದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನ ಆಶ್‌ಬರ್ನಮ್ ಹೌಸ್‌ಗೆ ಬೆಂಕಿ ಬಿದ್ದಾಗ ಆ ಹಾಳೆಗಳು ಸುಟ್ಟುಹೋದವು. ಬೇವುಲ್ಫ್ ಇದ್ದ ಹೊತ್ತಗೆ ಅಂಚು ಕರಕಾಗಿ ಪಾರಾಯಿತು. ಅದೃಷ್ಟಕ್ಕೆ, ಬೆಂಕಿಗೆ ಕೆಲವು ವರ್ಷ ಮೊದಲೇ ಗ್ರಂಥಾಲಯದ ಉಪಪಾಲಕ ಡೇವಿಡ್ ಕ್ಯಾಸ್ಲಿ ಈ ಕವಿತೆಯನ್ನು ನಕಲು ಮಾಡಿಟ್ಟಿದ್ದ, 1726ರಲ್ಲಿ ಅದು ಅಚ್ಚೂ ಆಗಿತ್ತು. ಅವನು ನಕಲು ಮಾಡುವ ಹೊತ್ತಿಗಾಗಲೇ ಹಸ್ತಪ್ರತಿಯ ಮೊದಲ ಮತ್ತು ಕೊನೆಯ ಹಾಳೆಗಳು ಇರಲಿಲ್ಲ. ಹಾಗಾಗಿ ಕವಿತೆ ನಮಗೆ ದೊರೆಯುವುದು ‘ಮುರಿದುಹೋಯಿತು’ ಎಂಬ ಅರ್ಥದ ಪದಗಳಿಂದ. ಕೊನೆಯ ಸಾಲುಗಳಲ್ಲಿ ಗೋಡ್ರಿಕ್ ಎಂಬ ಹೆಸರಿನ ಇನ್ನೊಬ್ಬ, ಎಥೆಲ್ಗಾರನ ಮಗ, ವೈಕಿಂಗರ ನಡುವೆ ನುಗ್ಗಿ ಕಡಿಯುತ್ತ ಕಡಿಯುತ್ತ ಬೀಳುತ್ತಾನೆ. ಕಾಳಗದಿಂದ ಓಡಿಹೋದ ಗೋಡ್ರಿಕ್ ಇವನಲ್ಲ ಎಂದು ಕವಿ ಹೇಳುತ್ತಾನೆ. ಹಾಳೆ ಅಲ್ಲಿಗೆ ಮುಗಿಯುತ್ತದೆ.