ಟೀ ಅಂಗಡಿಯ ಸಿಗರೇಟು, ಶನಿವಾರದ ಬಿಯರು, ರಾತ್ರಿಯ ಪಾರ್ಸಲ್ಲು

ವಿದ್ಯಾರ್ಥಿ ಮಿತ್ರರೇ, ಹಾಸ್ಟೆಲ್ ವಾರ್ಡನ್‌ಗಳೇ, ತಂದೆ ತಾಯಂದಿರೇ,

ಈ ಮೂರನ್ನೂ ಬೇರೆ ಬೇರೆ ಚಟಗಳೆಂದು ನೋಡಿದರೆ ಬಿಡಿಸುವುದು ಕಷ್ಟ. ಬಿಯರ್ ಒಳಗೆ ಹೋದರೆ ಕೈ ಸಿಗರೇಟು ಹುಡುಕುತ್ತದೆ. ಸಿಗರೇಟು ಬಿಟ್ಟರೆ ಹಸಿವು ಹೆಚ್ಚುತ್ತದೆ. ತಡರಾತ್ರಿ ತಿಂದು ನಿದ್ದೆಗೆಟ್ಟರೆ ಬೆಳಗಿನ ಟೀ ಜೊತೆ ಮತ್ತೆ ಸಿಗರೇಟು. ಹಾಗಾಗಿ ಸೇದುವುದನ್ನು ಬಿಡುವವರು ಮೊದಲ ನಾಲ್ಕು ವಾರ ಪಾರ್ಟಿಗೆ ಹೋಗಲೇಬಾರದು. ‘ಹೋಗ್ತೀನಿ, ಆದ್ರೆ ಕುಡಿಯಲ್ಲ’ ಎಂಬ ಮಾತು ಆ ವಾರಗಳಲ್ಲಿ ನಿಲ್ಲುವುದು ಕಡಿಮೆ.

ಹೊಗೆ ಎಳೆದ 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಮುಟ್ಟುತ್ತದೆ. ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿ ಅದು ಅರ್ಧಕ್ಕಿಳಿದು ಚಡಪಡಿಕೆ ಶುರುವಾಗುತ್ತದೆ. ‘ಟೆನ್ಷನ್‌ಗೆ ಸೇದ್ತೀನಿ’ ಎನ್ನುವವರ ಟೆನ್ಷನ್‌ನಲ್ಲಿ ಒಳ್ಳೆಯ ಪಾಲು ಈ ಇಳಿತದ್ದೇ. ಬಿಟ್ಟ ಎರಡನೆಯ, ಮೂರನೆಯ ದಿನ ಅತಿ ಕಷ್ಟ. ಮೂರು ನಾಲ್ಕು ವಾರದಲ್ಲಿ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೆನಿಸಿದರೆ ಬರೀ ಮನೋಬಲ ಸಾಲದು, ಸೇದದೆಯೇ ಸ್ವಲ್ಪ ನಿಕೋಟಿನ್ ಕೊಡುವ ನಿಕೋಟಿನ್ ಗಮ್ ಬೇಕು. ಅಂಥವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2. ಹದಿನೆಂಟು ತುಂಬದವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಗಮ್ ‘ಕೆಲಸ ಮಾಡಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಅದನ್ನು ಬಬಲ್ ಗಮ್‌ನಂತೆ ಅಗಿದಿರುತ್ತಾರೆ. ಹಾಗೆ ಅಗಿದರೆ ನಿಕೋಟಿನ್ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ಬರುತ್ತದೆ, ಚಡಪಡಿಕೆ ಮಾತ್ರ ಹೋಗುವುದಿಲ್ಲ. ನಿಧಾನವಾಗಿ ಅಗಿಯಿರಿ. ನಾಲಿಗೆ ಚುರುಗುಟ್ಟಿದೊಡನೆ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಡಿ. ಚುರುಚುರು ನಿಂತ ಮೇಲೆ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ಗಮ್‌ಗೆ 15 ನಿಮಿಷ ಮೊದಲು ಮತ್ತು ಅದು ಬಾಯಲ್ಲಿರುವಾಗ ಟೀ, ಕಾಫಿ, ಜ್ಯೂಸು, ಸೋಡಾ ಬೇಡ. ಬಾಯಿಯ ಆಮ್ಲತೆ ಹೆಚ್ಚಿದರೆ ಕೆನ್ನೆಯ ಒಳಪೊರೆ ನಿಕೋಟಿನ್ ಹೀರುವುದಿಲ್ಲ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲೆ ಕಡಿಮೆ ಮಾಡುತ್ತ ಹನ್ನೆರಡನೆಯ ವಾರಕ್ಕೆ ನಿಲ್ಲಿಸಬೇಕು. ದಿನಕ್ಕೆ ಎರಡು ಅಗಿದು ವಾರಕ್ಕೇ ಕೈಬಿಡುವುದು ಇನ್ನೊಂದು ತಪ್ಪು.

ಕರ್ನಾಟಕದಲ್ಲಿ 2025ರಿಂದ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಬಿಡಿ ಸಿಗರೇಟನ್ನೂ ಮಾರುವಂತಿಲ್ಲ. ಬಿಡಿಯ ನಿಷೇಧವನ್ನು ಅಂಗಡಿಯವರು ಗಟ್ಟಿಯಾಗಿ ಪಾಲಿಸಬೇಕು. ಒಂದೊಂದೇ ಕೊಳ್ಳುವ ಹುಡುಗನಿಗೆ ದಿನಕ್ಕೆಷ್ಟು ಸೇದಿದೆ ಎಂಬ ಲೆಕ್ಕವೇ ಸಿಗದು.

ಕುಡಿತದಲ್ಲೂ ತಪ್ಪುವುದು ಲೆಕ್ಕವೇ. ‘ಬಿಯರ್ ತಾನೇ’ ಎನ್ನುತ್ತಾರೆ. 8 ಪರ್ಸೆಂಟಿನ 650 ಎಂಎಲ್ ಸ್ಟ್ರಾಂಗ್ ಬಿಯರ್‌ನಲ್ಲಿ ಸುಮಾರು 41 ಗ್ರಾಂ ಆಲ್ಕೋಹಾಲ್ ಇದೆ. 42.8 ಪರ್ಸೆಂಟಿನ ವಿಸ್ಕಿಯ 30 ಎಂಎಲ್‌ನಲ್ಲಿ 10 ಗ್ರಾಂ. ಅಂದರೆ ಒಂದು ಬಾಟಲಿ ಬಿಯರ್ 30 ಎಂಎಲ್‌ನ ನಾಲ್ಕು ಪೆಗ್ಗಿಗೆ ಸಮ. ಕ್ವಾರ್ಟರ್, ಅಂದರೆ 180 ಎಂಎಲ್ ವಿಸ್ಕಿಯಲ್ಲಿ 60 ಗ್ರಾಂ. ಯಕೃತ್ತು ಗಂಟೆಗೆ ಕರಗಿಸುವುದು ಸರಿಸುಮಾರು 7ರಿಂದ 10 ಗ್ರಾಂ, ಅದನ್ನು ನಿಂಬೆರಸ, ಕಾಫಿ, ತಣ್ಣೀರು ಯಾವುದೂ ಬೇಗ ಮಾಡದು. ರಾತ್ರಿ ಹನ್ನೆರಡಕ್ಕೆ ಕ್ವಾರ್ಟರ್ ಮುಗಿಸಿದವನು ಬೆಳಿಗ್ಗೆ ಆರಕ್ಕೆ ಬೈಕ್ ಹತ್ತಿದರೂ ಅಮಲು ಪೂರ್ತಿ ಇಳಿದಿರದೆ ಇರಬಹುದು.

ಜೊತೆಗಾರ ಎಚ್ಚರ ತಪ್ಪಿದರೆ ಮಜ್ಜಿಗೆ ಕುಡಿಸಬೇಡಿ, ಅದು ಶ್ವಾಸನಾಳಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ, ಪಕ್ಕದಲ್ಲೇ ಇರಿ. ಕೂಗಿ ಅಲುಗಾಡಿಸಿದರೂ ಏಳದಿದ್ದರೆ, ಮೈ ತಣ್ಣಗಾದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ ತಕ್ಷಣ 108.

ತಿನ್ನುವ ಚಟವನ್ನು ವೈದ್ಯಶಾಸ್ತ್ರ ಇನ್ನೂ ರೋಗಗಳ ಅಧಿಕೃತ ಪಟ್ಟಿಗೆ ಸೇರಿಸಿಲ್ಲ, ಆದರೆ ಸಂಕಟ ನಿಜ. ಬೆಳಿಗ್ಗೆ ತಿಂಡಿ ಬಿಟ್ಟು, ಮಧ್ಯಾಹ್ನ ಬಾಯಿ ಕಟ್ಟಿದವರೇ ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಆರ್ಡರ್ ಮಾಡುತ್ತಾರೆ. ಮೂರು ಹೊತ್ತು ವೇಳೆಗೆ ಸರಿಯಾಗಿ ಊಟ, ಸಂಜೆ ಆರಕ್ಕೆ ಒಂದು ಹಿಡಿ ಹುರಿಗಡಲೆಯೋ ಶೇಂಗಾವೋ ಇರಲಿ. ಸಿಗರೇಟು ಬಿಟ್ಟ ಮೊದಲ ತಿಂಗಳು ತೂಕ ಏರಿತೆಂದು ಮಕ್ಕಳನ್ನು ಹಂಗಿಸಬೇಡಿ; ಆ ಹೆದರಿಕೆಗೇ ಎಷ್ಟೋ ಮಂದಿ ಮತ್ತೆ ಹಚ್ಚುತ್ತಾರೆ.

ಪ್ರತಿದಿನ ಹೆಚ್ಚು ಕುಡಿಯುವ ಮಗನಿಗೆ ‘ಇವತ್ತಿಂದ ಬಿಡು’ ಎಂದು ಕೋಣೆಯಲ್ಲಿ ಕೂಡಿಹಾಕುವುದು ಅಪಾಯ. ಕೊನೆಯ ಪೆಗ್ಗಿನ ನಂತರದ 6ರಿಂದ 48 ಗಂಟೆಯಲ್ಲಿ ಫಿಟ್ಸ್ ಬರಬಹುದು, ಮೂರನೆಯ ದಿನದ ಹೊತ್ತಿಗೆ ಭ್ರಮೆ, ನಡುಕ. ಇದು ಜೀವಕ್ಕೂ ಎರವಾಗಬಹುದು, ಆಸ್ಪತ್ರೆಯಲ್ಲೇ ಬಿಡಿಸಬೇಕು. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ತಂಬಾಕಿಗೆ 1800-11-2356. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ ಎಂಬ ನಾಲ್ಕನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಕರೆ ಮಾಡಿ.