ಆ ಹುಡುಗಿ ಏನು ಕೆಲಸ ಮಾಡ್ತಾಳ?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಇಳಕಲ್ಲಿನ ನೇಕಾರರ ಮನೆಯ ಮಗಳು. ಕೆಲವು ವರ್ಷಗಳ ಹಿಂದೆ ಅವ್ವನನ್ನು ಬಾಗಲಕೋಟೆಗೆ ಸಿನಿಮಾ ನೋಡಲು ಕರೆದುಕೊಂಡು ಹೋಗಿದ್ದೆ. ದೊಡ್ಡ ಹೀರೋ ಸಿನಿಮಾ. ಮೂರು ಹಾಡು, ನಾಲ್ಕು ಫೈಟು ಮುಗಿದು ಇಂಟರ್ವಲ್ ಆಯಿತು. ಶೇಂಗಾ ಬಿಡಿಸುತ್ತಾ ಅವ್ವ ಕೇಳಿದಳು: "ಅಲ್ಲವಾ, ಆ ಹುಡುಗಿ ಏನ್ ಕೆಲಸ ಮಾಡ್ತಾಳ?"

ನನಗೆ ಹೇಳಲು ಬರಲಿಲ್ಲ. ಹೀರೋ ಯಾರು, ಅವನಪ್ಪ ಯಾರು, ಅವನಿಗೆ ಯಾರ ಮೇಲೆ ಸೇಡು, ಎಲ್ಲ ಗೊತ್ತಾಗಿತ್ತು. ಹೀರೋಯಿನ್ ಆದ ಆ ಹುಡುಗಿ ಓದುತ್ತಾಳೋ, ನೌಕರಿ ಮಾಡುತ್ತಾಳೋ, ಅವಳ ಮನೆ ಬಾಡಿಗೆ ಯಾರು ಕಟ್ಟುತ್ತಾರೋ, ಒಂದೂ ಗೊತ್ತಿರಲಿಲ್ಲ.

ಅವ್ವ ಸುಮ್ನೆ ಕೇಳಿದ್ದಲ್ಲ. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ರಾಟಿ ಮುಂದೆ ಕೂತರೆ ಸಂಜೆವರೆಗೆ ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುವವಳು ಆಕೆ. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಬೇಕು. ಆ ಹೊತ್ತಿನಲ್ಲಿ ಅವ್ವನ ಬಾಯಿ ಬಂದ್, ಬೆರಳಷ್ಟೇ ಆಡುತ್ತಿದ್ದವು.

ಅಂಥದೇ ಸೀರೆ ಆ ಸಿನಿಮಾದಲ್ಲೂ ಬಂತು. ಜಾತ್ರೆಯ ಹಾಡಿಗೆ ಕುಣಿಯುವವಳ ಮೈಮೇಲೆ. ಕ್ಯಾಮೆರಾ ಸೊಂಟ ಬಿಟ್ಟು ಕದಲಲಿಲ್ಲ. ಸೆರಗಿನಲ್ಲಿ ನೇಯ್ದ ಬಿಳಿ ತೋಪಿನ ವಿನ್ಯಾಸ ಕಾಣಲೇ ಇಲ್ಲ, ಅವಳ ಮುಖ ಕೂಡ ಸರಿಯಾಗಿ ಕಾಣಲಿಲ್ಲ. ನಮ್ಮ ಕಡೆಯ ಮಾತಾಡುವ ಹೆಂಗಸು ತೆರೆಗೆ ಬಂದರೆ ಜಾಸ್ತಿ ಸಲ ಜಗಳಗಂಟಿ, ಇಲ್ಲಾ ಜನರನ್ನು ನಗಿಸಲು ಬಂದವಳು. ನನಗೆ ಇದು ನಿಜವಾಗಲೂ ನೋವು ಕೊಡುತ್ತದೆ.

ಎಲ್ಲ ಕಾಲಕ್ಕೂ ಹೀಗೇ ಇತ್ತು ಅನ್ನಲಾರೆ. 1961ರಲ್ಲಿ ಬಿ.ಆರ್. ಪಂತುಲು 'ಕಿತ್ತೂರು ಚೆನ್ನಮ್ಮ' ತೆಗೆದರು. ಬಿ. ಸರೋಜಾದೇವಿ ಚೆನ್ನಮ್ಮ ಆದರು. ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ರಾಣಿ, 1824ರಲ್ಲಿ ಇಂಗ್ಲಿಷರಿಗೆ ಎದುರು ನಿಂತಾಕೆ. ಅಲ್ಲಿ ಕಥೆಯೇ ಆಕೆಯ ಹಿಂದೆ ನಡೆಯುತ್ತದೆ. ರಾಣಿಯೇ ಆಗಬೇಕು ಅಂತಲೂ ಇಲ್ಲ. 1971ರ 'ಶರಪಂಜರ'ದಲ್ಲಿ ಕಲ್ಪನಾ ಮಾಡಿದ ಕಾವೇರಿ ಒಬ್ಬ ಗೃಹಿಣಿ. ಮನಸ್ಸಿನ ಕಾಯಿಲೆ ವಾಸಿಯಾಗಿ ಮನೆಗೆ ಬಂದರೂ ಮನೆಯವರು ಆಕೆಯನ್ನು ಮೊದಲಿನಂತೆ ನೋಡುವುದಿಲ್ಲ. ಆ ಸಂಕಟವನ್ನು ಪುಟ್ಟಣ್ಣ ಕಣಗಾಲ್ ಆಕೆಯ ಕಡೆಯಿಂದ ತೋರಿಸಿದರು. ಅಂದರೆ ನೌಕರಿ ಇರಲೇಬೇಕು ಅಂತಲ್ಲ, ಅವಳದೇ ಅನ್ನುವ ಒಂದು ಬದುಕು ಇರಬೇಕು, ಅಲ್ವಾ?

ನಮ್ಮ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ ಮುಂಬೈಗೆ ಹೋಗಿ, 1943ರ ಹಿಂದಿ ಚಿತ್ರ 'ಕಿಸ್ಮತ್'ಗೆ ಹಾಡಿದರು. ತನ್ನ ದನಿಯಿಂದಲೇ ದುಡಿದು ಉಂಡ ಹೆಣ್ಣುಮಗಳು. ತೆರೆಯ ಹಿಂದೆ ಅಷ್ಟು ಹಿಂದೆಯೇ ನಮ್ಮವರು ಕೆಲಸ ಮಾಡಿದ್ದಾರೆ. ತೆರೆಯ ಮೇಲಿನ ಹುಡುಗಿಗೆ ಮಾತ್ರ ಇನ್ನೂ ಕೆಲಸ ಸಿಕ್ಕಿಲ್ಲ.

ಆ ದಿನ ಇಂಟರ್ವಲ್ ಮುಗಿದ ಮೇಲೂ ಅವ್ವ ಕಾದು ನೋಡಿದಳು. ಉತ್ತರ ಬರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅಂದಳು: "ಪಾಪ, ಆ ಹುಡುಗಿ ಒಂದ್ ಸಲಾನೂ ತನ್ನ ಮನಿಗೆ ಹೋಗ್ಲಿಲ್ಲ ನೋಡು." ಮರುದಿನ ರಾಟಿ ತಿರುಗಿಸುತ್ತಾ ಮತ್ತೆ ಅವಳದೇ ವಿಚಾರ ತೆಗೆದಳು.

ನಮಸ್ಕಾರ.